ಸ್ಕಿಜೋಫ್ರೇನಿಯಾ ಇರುವ ತಮ್ಮನ ಮರೆವಿಗೆ ಹೊಸ ಮಾತ್ರೆಯ ಟ್ರಯಲ್ ಅಂತೆ, ಸೇರಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ತಮ್ಮನಿಗೆ 29 ವರ್ಷ, ಬಿ.ಕಾಂ. ಆಗಿದೆ, ಆರು ವರ್ಷದಿಂದ ಸ್ಕಿಜೋಫ್ರೇನಿಯಾಗೆ ಚಿಕಿತ್ಸೆ ನಡೆಯುತ್ತಿದೆ. ರಿಸ್ಪೆರಿಡೋನ್ ಮತ್ತು ಪ್ಯಾಸಿಟೇನ್ ತೆಗೆದುಕೊಳ್ಳುತ್ತಾನೆ. ಧ್ವನಿ ಕೇಳಿಸುವುದು ನಿಂತಿದೆ, ಸಂಶಯವೂ ಹೋಗಿದೆ. ಆದರೆ ಅಂಗಡಿಯಲ್ಲಿ ಕೂರಿಸಿದರೆ, ಗಿರಾಕಿ ಮೂರು ಸಾಮಾನು ಹೇಳಿದರೆ ಒಂದನ್ನು ಕೊಟ್ಟು ನಿಂತುಬಿಡುತ್ತಾನೆ, ಚಿಲ್ಲರೆ ಲೆಕ್ಕ ತಪ್ಪುತ್ತದೆ, ಸಿನಿಮಾ ನೋಡಿದರೆ ಕಥೆ ಹಿಡಿಯಲು ಆಗಲ್ಲ. ಮನೆಯವರು ಸೋಮಾರಿ ಅನ್ನುತ್ತಾರೆ. ಯಾರೋ ನಿಮಗೆ ‘ಇದಕ್ಕೇ ಹೊಸ ಮಾತ್ರೆ ಬರ್ತಿದೆ, ಟ್ರಯಲ್‌ಗೆ ಸೇರಿಸಿ’ ಅಂದಿದ್ದಾರೆ. ಸೇರಿಸಬಹುದಾ, ಅಥವಾ ಇಲಿಯ ಹಾಗೆ ಪ್ರಯೋಗಕ್ಕೆ ಬಳಸಿಕೊಳ್ಳುತ್ತಾರಾ ಅನ್ನುವುದು ನಿಮ್ಮ ಭಯ.

ನಾನು ಡಾಕ್ಟರ್ ಅಲ್ಲ. ಸೈಕಾಲಜಿ ಓದಿ ಬೆಂಗಳೂರಿನಲ್ಲಿ ಕೆಲವು ವರ್ಷ ಟ್ರಯಲ್‌ಗಳಲ್ಲಿ ರೇಟರ್ ಆಗಿ ಕೆಲಸ ಮಾಡಿದ್ದೇನೆ. ಅಂದರೆ ರೋಗಿಯ ಎದುರು ಕೂತು ನೆನಪು, ಗಮನ, ವೇಗ ಇವನ್ನೆಲ್ಲ ಅಳೆದು ಅಂಕ ಬರೆಯುವವರು. ಆದ್ದರಿಂದ ಮಾತ್ರೆ ಬದಲಿಸಿ ಅಂತ ನಾನು ಹೇಳುವ ಹಾಗಿಲ್ಲ, ಆದರೆ ಒಳಗೆ ಏನು ನಡೆಯುತ್ತದೆ ಅಂತ ಹೇಳಬಲ್ಲೆ.

ಚಿಕ್ಕ ಉತ್ತರ: ಸೇರಿಸಬಹುದು, ತಮ್ಮನಿಗೂ ಮನಸ್ಸಿದ್ದರೆ. ಆದರೆ ಚಿಕಿತ್ಸೆ ಸಿಗುತ್ತದೆ ಅಂದುಕೊಂಡು ಸೇರಿಸಬೇಡಿ. ಅದಕ್ಕೂ ಮೊದಲು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನು ಡಾಕ್ಟರ್ ಎದುರು ಇಟ್ಟು ಒಂದು ಪ್ರಶ್ನೆ ಕೇಳಿ. ಆ ಪ್ರಶ್ನೆ ಯಾವುದು ಅಂತ ಮುಂದೆ ಹೇಳುತ್ತೇನೆ, ನನ್ನ ಪ್ರಕಾರ ಇಡೀ ಉತ್ತರದಲ್ಲಿ ಅದೇ ಮುಖ್ಯ.

ಮೊದಲು ಸೋಮಾರಿತನದ ಮಾತು. ದಯವಿಟ್ಟು ಮನೆಯಲ್ಲಿ ಅದನ್ನು ನಿಲ್ಲಿಸಿ. ಸ್ಕಿಜೋಫ್ರೇನಿಯಾ ಅಂದರೆ ಧ್ವನಿ, ಭ್ರಮೆ ಅಷ್ಟೇ ಅಂತ ಜನ ತಿಳಿದಿದ್ದಾರೆ. ಗಮನ, ಕೆಲಸಕ್ಕೆ ಬೇಕಾದ ತಾತ್ಕಾಲಿಕ ನೆನಪು, ಯೋಚನೆಯ ವೇಗ, ಯೋಜನೆ ಮಾಡುವುದು, ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು, ಇವೆಲ್ಲ ಕುಗ್ಗುವುದೂ ಕಾಯಿಲೆಯ ಭಾಗವೇ. ಎಷ್ಟೋ ಜನರಲ್ಲಿ ಇದು ಧ್ವನಿ ಕೇಳಿಸುವುದಕ್ಕಿಂತ ಮೊದಲೇ, ಹೈಸ್ಕೂಲು ಕಾಲೇಜಿನಲ್ಲಿ ಅಂಕ ಇಳಿಯುವುದರಲ್ಲೇ ಕಾಣಿಸಿಕೊಂಡಿರುತ್ತದೆ. ಈಗ ಸಿಗುವ ಹೆಚ್ಚಿನ ಮಾತ್ರೆಗಳು ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡಿ ಧ್ವನಿ, ಸಂಶಯ ತಗ್ಗಿಸುತ್ತವೆ, ಈ ಭಾಗವನ್ನು ಅಷ್ಟಾಗಿ ಮುಟ್ಟುವುದೇ ಇಲ್ಲ. ಕೆಲಸ, ಮದುವೆ, ಒಬ್ಬರೇ ಇರುವುದು, ಇವೆಲ್ಲ ಯಾವುದರ ಮೇಲೆ ನಿಂತಿದೆ ಅಂತ ನೋಡಿದರೆ ಧ್ವನಿಗಿಂತ ಇದರ ಮೇಲೇ ಜಾಸ್ತಿ. ಡಾಕ್ಟರ್ ‘ಈಗ ಹುಷಾರಾಗಿದ್ದಾನಲ್ಲ’ ಅಂದಾಗ ನಿಮಗೆ ಸಿಟ್ಟು ಬರುವುದು ಇದಕ್ಕೇ.

ಈಗ ಟ್ರಯಲ್ ವಿಷಯ. ಹಿಂದೆಲ್ಲ ಒಬ್ಬೊಬ್ಬ ಸಂಶೋಧಕ ಒಂದೊಂದು ಪರೀಕ್ಷೆ ಬಳಸುತ್ತಿದ್ದ, ಒಂದರ ಫಲಿತಾಂಶವನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಆಗುತ್ತಿರಲಿಲ್ಲ. 2000ದ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ದುಡ್ಡು ಹಾಕಿ ಮ್ಯಾಟ್ರಿಕ್ಸ್ ಅನ್ನುವ ಯೋಜನೆ ಮಾಡಿಸಿತು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಮುಂದೆ ನಿಂತು 10 ಪರೀಕ್ಷೆಗಳ ಒಂದು ಕಟ್ಟು ಸಿದ್ಧಮಾಡಿತು, 7 ಬಗೆಯ ಸಾಮರ್ಥ್ಯ ಅಳೆಯುವಂಥದ್ದು. ಅದನ್ನು ಎಂ.ಸಿ.ಸಿ.ಬಿ. ಅಂತ ಕರೆಯುತ್ತಾರೆ. ಆರೋಗ್ಯವಂತರ ಸರಾಸರಿ 50 ಬರುವ ಹಾಗೆ ಅಂಕ ಹೊಂದಿಸಿರುತ್ತಾರೆ. ಇದರ ಜೊತೆಗೆ ಅಮೆರಿಕದ ಔಷಧ ನಿಯಂತ್ರಕರು ಇನ್ನೊಂದು ಮಾತು ಸೇರಿಸಿದರು: ಪರೀಕ್ಷೆಯಲ್ಲಿ ಅಂಕ ಏರಿದರೆ ಸಾಲದು, ದಿನದ ಬದುಕಿನಲ್ಲೂ ಏನಾದರೂ ಬದಲಾದದ್ದು ಕಾಣಬೇಕು. ಆದ್ದರಿಂದ ರೋಗಿಯನ್ನೂ ಅವರನ್ನು ಹತ್ತಿರದಿಂದ ಬಲ್ಲ ಒಬ್ಬರನ್ನೂ ಕೂರಿಸಿಕೊಂಡು, ಮಾತು ನೆನಪಿರುತ್ತಾ, ಸಾಮಾನು ಎಲ್ಲಿಟ್ಟೆ ಅಂತ ಮರೆಯುತ್ತಾರಾ ಅಂತೆಲ್ಲ ಕೇಳುವ ಅಳತೆಗಳೂ ಇರುತ್ತವೆ. ಆ ಹತ್ತಿರದವರು ಬಹುಶಃ ನೀವೇ ಆಗುತ್ತೀರಿ. ಪ್ರತಿ ಸಲವೂ ಹೋಗಬೇಕಾಗಬಹುದು, ಕೆಲಸಕ್ಕೆ ರಜೆ ಹಾಕಬೇಕು, ಲೆಕ್ಕ ಹಾಕಿಕೊಳ್ಳಿ.

ಪರೀಕ್ಷೆ ಹೇಗಿರುತ್ತೆ ಅಂದರೆ, ನೋವಿಲ್ಲ, ಆದರೆ ಸುಸ್ತು. ಒಂದರಿಂದ ಒಂದೂವರೆ ಗಂಟೆ. 12 ಪದಗಳನ್ನು ಓದಿ ಹೇಳುತ್ತೇವೆ, ನೆನಪಿದ್ದಷ್ಟು ಹೇಳಬೇಕು, ಅದೇ ಪಟ್ಟಿ ಮೂರು ಸಲ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೋ ಅಷ್ಟೂ ಹೇಳಬೇಕು. ಚಿಹ್ನೆಗೆ ಸರಿಯಾದ ಅಂಕಿ ಬರೆಯುತ್ತಾ ಹೋಗಬೇಕು, ಒಂದೂವರೆ ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ದಾರಿ ಹುಡುಕುವ ಜಟಿಲ ಚಿತ್ರಗಳಿರುತ್ತವೆ. ಕಂಪ್ಯೂಟರ್ ಪರದೆಯಲ್ಲಿ ಒಂದೇ ಸಂಖ್ಯೆ ಹಿಂದೆ ಹಿಂದೆಯೇ ಎರಡು ಸಲ ಬಂದರೆ ಬಟನ್ ಒತ್ತಬೇಕು, ಇದು ಗಮನದ್ದು, ಎಲ್ಲರೂ ಬೈದುಕೊಳ್ಳುವುದು ಇದನ್ನೇ. ಇನ್ನೊಂದು ಇದೆ: ಅಕ್ಷರ ಮತ್ತು ಅಂಕಿಗಳನ್ನು ಕಲಸಿ ಹೇಳಿದಾಗ, ಮೊದಲು ಅಂಕಿಗಳನ್ನು ಏರಿಕೆಯಲ್ಲಿ, ಆಮೇಲೆ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಹೇಳಬೇಕು. ಇಂಗ್ಲಿಷ್‌ನಲ್ಲಿ ಎ, ಬಿ, ಸಿ ಎಲ್ಲರ ಬಾಯಲ್ಲೂ ಇರುತ್ತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮೂರಿನವರಿಗೆ ‘ಪ’ ಮೊದಲೋ ‘ತ’ ಮೊದಲೋ ಅಂತ ಕೇಳಿದರೆ ಕಾಯಿಲೆ ಇಲ್ಲದವರೂ ತಡವರಿಸುತ್ತಾರೆ, ಅಲ್ವಾ? ಅಂಕ ಕಡಿಮೆ ಬಂದರೆ ಅದು ಕಾಯಿಲೆಯದೋ ಓದಿನದೋ ಅಂತ ಬಿಡಿಸಬೇಕು. ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ಪರೀಕ್ಷೆಗಳ ಕಟ್ಟಿನಲ್ಲಿ ವಯಸ್ಸು, ಓದು ನೋಡಿಕೊಂಡು ಬೇರೆ ಬೇರೆ ಸರಾಸರಿ ಕೊಟ್ಟಿರುವುದು ಈ ಕಾರಣಕ್ಕೆ. ಸಾಮಾಜಿಕ ಗ್ರಹಿಕೆಯನ್ನು ನಮ್ಮ ಕಡೆಯ ಸನ್ನಿವೇಶಕ್ಕೆ ಹೊಂದಿಸಿ ಅಳೆಯುವ ಸಾಕ್ರಟಿಸ್ ಅನ್ನುವ ಅಳತೆಯೂ ಅಲ್ಲಿಂದಲೇ ಬಂದಿದೆ. ಇರಲಿ, ದಾರಿ ತಪ್ಪಿದೆ.

ಮಾತ್ರೆಗಳ ಕಥೆಗೆ ಬರೋಣ. ನಿಮಗೆ ಯಾರೋ ಹೇಳಿದ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಈ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಆಸೆ ಹುಟ್ಟಿಸಿದ್ದು ಐಕ್ಲೆಪರ್ಟಿನ್. ಬೋರಿಂಗರ್ ಇಂಗಲ್‌ಹೈಮ್ ಅನ್ನುವ ಜರ್ಮನ್ ಕಂಪನಿಯದು. ಅದರ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಬೇರೆ ಯಾವ ಮಾತ್ರೆಯ ಸುದ್ದಿ ಬಂದರೂ ನೀವೇ ತೂಗಿ ನೋಡಬಹುದು.

ಮೆದುಳಿನಲ್ಲಿ ಕಲಿಕೆಗೆ, ನೆನಪಿಗೆ ಬೇಕಾದ ಎನ್‌ಎಂಡಿಎ ಅನ್ನುವ ಗ್ರಾಹಕಗಳಿವೆ, ಅಂದರೆ ಸಂದೇಶ ಹಿಡಿಯುವ ರಿಸೆಪ್ಟರ್‌ಗಳು. ಸ್ಕಿಜೋಫ್ರೇನಿಯಾದಲ್ಲಿ ಇವು ಮಂಕಾಗಿ ಕೆಲಸ ಮಾಡುತ್ತವೆ ಅನ್ನುವುದು ಒಂದು ವಾದ. ಅದಕ್ಕೆ ಒಂದು ಆಧಾರ: ಈ ಗ್ರಾಹಕವನ್ನು ತಡೆಯುವ ಕೆಟಮಿನ್ ಅನ್ನುವ ಅರಿವಳಿಕೆ ಔಷಧ ಕೊಟ್ಟರೆ ಆರೋಗ್ಯವಂತರಲ್ಲೂ ಸ್ವಲ್ಪ ಹೊತ್ತು ಈ ಕಾಯಿಲೆಯಂಥ ಲಕ್ಷಣಗಳು, ನೆನಪಿನ ತೊಂದರೆ ಎಲ್ಲ ಕಾಣಿಸುತ್ತವೆ. ಎನ್‌ಎಂಡಿಎ ಸರಿಯಾಗಿ ನಡೆಯಲು ಗ್ಲೈಸಿನ್ ಅನ್ನುವ ಅಮೈನೊ ಆಮ್ಲ ಬೇಕು. ಗ್ಲೈಸಿನ್ ಅನ್ನು ವಾಪಸ್ ಎಳೆದುಕೊಳ್ಳುವ ಪಂಪ್ ಒಂದಿದೆ. ಅದನ್ನು ತಡೆದರೆ ಗ್ಲೈಸಿನ್ ಜಾಸ್ತಿ ಹೊತ್ತು ಉಳಿಯುತ್ತೆ, ಗ್ರಾಹಕ ಚುರುಕಾಗುತ್ತೆ. ಐಕ್ಲೆಪರ್ಟಿನ್ ಮಾಡುವುದು ಇದನ್ನೇ. ಲೆಕ್ಕ ಚೆನ್ನಾಗಿದೆ.

ಎರಡನೇ ಹಂತದ ಟ್ರಯಲ್‌ನಲ್ಲಿ 509 ಜನರಿದ್ದರು, 12 ವಾರ. ಬೇರೆ ಬೇರೆ ಡೋಸ್ ಕೊಟ್ಟು ನೋಡಿದರು. 10 ಮತ್ತು 25 ಮಿಲಿಗ್ರಾಂ ತೆಗೆದುಕೊಂಡವರ ಅಂಕ ಡಮ್ಮಿ ಮಾತ್ರೆಯವರಿಗಿಂತ (ಔಷಧವೇ ಇಲ್ಲದ ಮಾತ್ರೆ) ಸುಮಾರು 2 ಹೆಚ್ಚು ಏರಿತು. ಎರಡೇ ಅಂಕ ಅಂತ ನಗಬೇಡಿ, ಈ ಕ್ಷೇತ್ರದಲ್ಲಿ ಅದೂ ಸುದ್ದಿಯೇ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು, ಅಮೆರಿಕದ ನಿಯಂತ್ರಕರು ಬೇಗ ಮುಂದೆ ತರಲು ವಿಶೇಷ ಮಾನ್ಯತೆಯನ್ನೂ ಕೊಟ್ಟರು. ಆಮೇಲೆ ಮೂರನೇ ಹಂತ, ಕಾನೆಕ್ಸ್ ಅನ್ನುವ ಹೆಸರಿನ ಮೂರು ಟ್ರಯಲ್‌ಗಳು, ಹತ್ತಾರು ದೇಶ, ಒಟ್ಟು 1800ಕ್ಕೂ ಹೆಚ್ಚು ರೋಗಿಗಳು, ದಿನಕ್ಕೆ 10 ಮಿಲಿಗ್ರಾಂ, 26 ವಾರ. 2025ರ ಜನವರಿಯಲ್ಲಿ ಕಂಪನಿಯೇ ಹೇಳಿತು: ಮೂರರಲ್ಲೂ ಡಮ್ಮಿಗಿಂತ ಮೇಲೆ ಅನ್ನಿಸಿಕೊಳ್ಳಲಿಲ್ಲ. ಅಂಕದಲ್ಲೂ ಇಲ್ಲ, ದಿನದ ಬದುಕಿನ ಅಳತೆಯಲ್ಲೂ ಇಲ್ಲ. ಟ್ರಯಲ್ ಮುಗಿದವರಿಗೆ ಮಾತ್ರೆ ಮುಂದುವರಿಸಿ ಕೊಡುತ್ತಿದ್ದ ಇನ್ನೊಂದು ಅಧ್ಯಯನವನ್ನೂ ನಿಲ್ಲಿಸಿದರು. ನಿಮ್ಮ ತಮ್ಮನ ಜಾಗದಲ್ಲಿ ಯಾರಿಗಾದರೂ ಅದರಿಂದ ಒಳ್ಳೆಯದಾಯಿತು ಅನ್ನಿಸಿದ್ದರೂ ಮಾತ್ರೆ ಅಲ್ಲಿಗೆ ಮುಗಿಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇದೇನೂ ಮೊದಲ ಸೋಲಲ್ಲ. ನಿಕೋಟಿನ್ ಮುಟ್ಟುವ ಗ್ರಾಹಕದ ಮೇಲೆ ಕೆಲಸ ಮಾಡುವ ಎನ್ಸೆನಿಕ್ಲಿನ್ 2016ರಲ್ಲಿ ಇದೇ ಮೂರನೇ ಹಂತದಲ್ಲಿ ಬಿತ್ತು, ಅದೂ ಎರಡನೇ ಹಂತದಲ್ಲಿ ಚೆನ್ನಾಗಿತ್ತು. ಐಕ್ಲೆಪರ್ಟಿನ್ ಜಾತಿಯದೇ ಆದ ರೋಶ್ ಕಂಪನಿಯ ಬಿಟೊಪರ್ಟಿನ್, ಉತ್ಸಾಹ ಇಲ್ಲದಿರುವುದು, ಯಾರ ಜೊತೆಯೂ ಬೆರೆಯದಿರುವುದು ಇಂಥ ಲಕ್ಷಣಗಳಿಗೆ ಅಂತ ಬಂದು 2014ರಲ್ಲಿ ಸೋತಿತು. ತಮಾಷೆ ಅಂದರೆ ಗ್ಲೈಸಿನ್ ರಕ್ತದ ಹಿಮೋಗ್ಲೋಬಿನ್‌ನ ಭಾಗವಾದ ಹೀಮ್ ತಯಾರಿಕೆಗೂ ಬೇಕು, ಆದ್ದರಿಂದ ಈ ಜಾತಿಯ ಮಾತ್ರೆಗಳಲ್ಲಿ ಹಿಮೋಗ್ಲೋಬಿನ್ ಮೇಲೆ ಕಣ್ಣಿಡಬೇಕಾಗುತ್ತೆ. ಆ ಸೈಡ್ ಎಫೆಕ್ಟನ್ನೇ ಹಿಡಿದು ಬೇರೆ ಕಂಪನಿಯೊಂದು ಬಿಟೊಪರ್ಟಿನ್ ಅನ್ನು ಬಿಸಿಲು ತಾಗಿದರೆ ಚರ್ಮ ಉರಿಯುವ ಒಂದು ಅಪರೂಪದ ರಕ್ತದ ಕಾಯಿಲೆಗೆ ತಿರುಗಿಸಿತು.

ಯಾಕೆ ಹೀಗೆ ಕೊನೆಯಲ್ಲೇ ಬೀಳುತ್ತವೆ? ನಾನು ಕುರ್ಚಿಯಲ್ಲಿ ಕೂತು ಕಂಡದ್ದನ್ನು ಹೇಳುತ್ತೇನೆ. ಡಮ್ಮಿ ಮಾತ್ರೆ ತೆಗೆದುಕೊಂಡವರೂ ಸುಧಾರಿಸುತ್ತಾರೆ. ಒಂದೇ ಬಗೆಯ ಪರೀಕ್ಷೆ ಮತ್ತೆ ಮತ್ತೆ ಬರೆದರೆ ಕೈ ಕುದುರುತ್ತೆ, ಅದು ಒಂದು. ಇನ್ನೊಂದು, ವರ್ಷಗಟ್ಟಲೆ ಮನೆಯ ಮೂಲೆಯಲ್ಲಿದ್ದ ಹುಡುಗ ಈಗ ಬಸ್ ಹತ್ತಿ ಬರುತ್ತಾನೆ, ಶೇವ್ ಮಾಡಿಕೊಂಡಿರುತ್ತಾನೆ, ಒಬ್ಬರು ನರ್ಸ್ ಹೆಸರು ಹಿಡಿದು ಮಾತಾಡಿಸುತ್ತಾರೆ, ಯಾರೋ ಒಂದು ಗಂಟೆ ಅವನ ಎದುರು ಕೂತು ‘ಚೆನ್ನಾಗಿ ಮಾಡ್ತಿದ್ದೀರಿ’ ಅನ್ನುತ್ತಾರೆ. ಅಷ್ಟಕ್ಕೇ ಒಂದಿಷ್ಟು ಚುರುಕು ಬರುತ್ತೆ. ಮಾತ್ರೆ ಇದನ್ನೂ ಮೀರಿ ತೋರಿಸಬೇಕು. ಜೊತೆಗೆ ಸ್ಕಿಜೋಫ್ರೇನಿಯಾ ಅನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ತೊಂದರೆಗಳಿವೆ, ಹತ್ತು ಹದಿನೈದು ವರ್ಷ ಕಾಯಿಲೆ ಇದ್ದವರೂ ಈಚಿನವರೂ ಒಟ್ಟಿಗೆ ಸೇರಿರುತ್ತಾರೆ. ನನ್ನ ಸ್ವಂತ ಅನುಮಾನ ಇನ್ನೂ ಒಂದಿದೆ. ಮಾತ್ರೆ ಮೆದುಳನ್ನು ಕಲಿಯಲು ಸಿದ್ಧ ಮಾಡಬಹುದು, ಆದರೆ ಆ 26 ವಾರ ಮನುಷ್ಯ ಸುಮ್ನೆ ಟಿವಿ ಮುಂದೆ ಕೂತಿದ್ದರೆ ಕಲಿಯುವುದಾದರೂ ಏನನ್ನು? ಗೊಬ್ಬರ ಹಾಕಿ ಬಿತ್ತನೆ ಮಾಡದೆ ಪೈರು ಬರಲಿಲ್ಲ ಅಂದ ಹಾಗೆ.

ಈಗ ಆ ಮುಖ್ಯ ಪ್ರಶ್ನೆ. ನಿಮ್ಮ ತಮ್ಮ ಪ್ಯಾಸಿಟೇನ್ ತೆಗೆದುಕೊಳ್ಳುತ್ತಾನೆ ಅಂದಿರಿ. ಅದರೊಳಗಿರುವುದು ಟ್ರೈಹೆಕ್ಸಿಫೆನಿಡಿಲ್. ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ ಇಂಥವುಗಳಿಂದ ಕೈ ನಡುಗುವುದು, ಮೈ ಬಿಗಿಯುವುದು ಆಗದಿರಲಿ ಅಂತ ಕೊಡುತ್ತಾರೆ. ಒಳ್ಳೆಯ ಮಾತ್ರೆಯೇ, ಬೇಕಾದವರಿಗೆ ಬೇಕು. ಆದರೆ ಅದು ಕೆಲಸ ಮಾಡುವುದು ಅಸಿಟೈಲ್‌ಕೋಲಿನ್ ಅನ್ನುವ ಮೆದುಳಿನ ರಾಸಾಯನಿಕವನ್ನು ತಡೆದು, ಮತ್ತು ನೆನಪಿಗೆ ಬೇಕಾದದ್ದೂ ಅದೇ ಅಸಿಟೈಲ್‌ಕೋಲಿನ್. ಇಂಥ ಗುಣದ ಮಾತ್ರೆಗಳ ಹೊರೆ ಹೆಚ್ಚಿದಷ್ಟೂ ನೆನಪು, ಗಮನದ ಅಂಕ ಕೆಳಗಿರುತ್ತದೆ ಅಂತ 1120 ರೋಗಿಗಳನ್ನು ನೋಡಿದ ಅಮೆರಿಕದ ಒಂದು ಅಧ್ಯಯನ 2021ರಲ್ಲಿ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1990ರಲ್ಲೇ ಹೇಳಿದ್ದರು, ಇವನ್ನು ಎಲ್ಲರಿಗೂ ಮುಂಜಾಗ್ರತೆಗೆ ಅಂತ ರೂಢಿಯಾಗಿ ಕೊಡಬೇಡಿ ಅಂತ. ನಮ್ಮಲ್ಲಿ ಆಗುವುದು ಏನೆಂದರೆ, ಮೊದಲ ವಾರ ನಡುಕ ಬಂತು ಅಂತ ಬರೆದದ್ದು ಆರು ವರ್ಷವಾದರೂ ಚೀಟಿಯಿಂದ ಚೀಟಿಗೆ ನಕಲಾಗುತ್ತಾ ಬಂದಿರುತ್ತದೆ. ಡೋಸ್ ಕಡಿಮೆಯಾಗಿರುತ್ತೆ, ನಡುಕ ಹೋಗಿರುತ್ತೆ, ಪ್ಯಾಸಿಟೇನ್ ಮಾತ್ರ ಹಾಗೇ ಕೂತಿರುತ್ತೆ.

ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಡಾಕ್ಟ್ರೇ, ಇದು ಇವನಿಗೆ ಇನ್ನೂ ಬೇಕಾ? ನಿಧಾನವಾಗಿ ಕಡಿಮೆ ಮಾಡಿ ನೋಡಬಹುದಾ?’ ಮನೆಯಲ್ಲೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ವಾಂತಿ, ನಿದ್ದೆಗೇಡು, ಬಿಗಿತ ಎಲ್ಲ ವಾಪಸ್ ಬರಬಹುದು, ಆಮೇಲೆ ಡಾಕ್ಟರ್ ನಿಮ್ಮ ಮಾತು ಕೇಳುವುದಿಲ್ಲ. ಅವರು ಇನ್ನೂ ಬೇಕು ಅಂದರೆ ಕಾರಣ ಇರುತ್ತೆ. ಅದರ ಜೊತೆಗೇ ಥೈರಾಯ್ಡ್, ಬಿ12, ಸಕ್ಕರೆ, ನಿದ್ದೆಯಲ್ಲಿ ಗೊರಕೆ, ಒಳಗೊಳಗೇ ಖಿನ್ನತೆ ಇದೆಯಾ, ಬೆಳಗ್ಗೆಯೆಲ್ಲ ಮಾತ್ರೆಯ ಮಂಪರಿನಲ್ಲಿ ಇರುತ್ತಾನಾ, ಇವನ್ನೂ ನೋಡಲು ಹೇಳಿ. ಯಾವ ಟ್ರಯಲ್‌ಗೂ ಕಾಯಬೇಕಾಗಿಲ್ಲ ಇದಕ್ಕೆ.

ಇಲ್ಲೇ ಒಂದು ವಿಚಿತ್ರವನ್ನೂ ಗಮನಿಸಿ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಕೊಬೆನ್ಫಿ ಅನ್ನುವ ಹೊಸ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ಜಾನೊಮೆಲಿನ್ ಮತ್ತು ಟ್ರಾಸ್ಪಿಯಂ ಸೇರಿದ್ದು. ಡೋಪಮಿನ್ ತಡೆಯದೆ ಕೆಲಸ ಮಾಡುವುದು ಅಂತ ದೊಡ್ಡ ಸುದ್ದಿಯಾಯಿತು. ಜಾನೊಮೆಲಿನ್ ಮಾಡುವುದು, ಪ್ಯಾಸಿಟೇನ್ ಮುಚ್ಚುವ ಅದೇ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ತೆರೆಯುವುದು. ಟ್ರಾಸ್ಪಿಯಂ ಮೆದುಳಿಗೆ ಹೋಗದೆ ಹೊಟ್ಟೆ ಕಡೆಯ ತೊಂದರೆ ತಡೆಯಲಿ ಅಂತ ಇದೆ, ಆದರೂ ಓಕರಿಕೆ, ವಾಂತಿ ಇದ್ದೇ ಇದೆ. ಒಪ್ಪಿಗೆ ಸಿಕ್ಕಿರುವುದು ಸ್ಕಿಜೋಫ್ರೇನಿಯಾಗೆ, ಮರೆವಿಗೆ ಅಂತ ಅಲ್ಲ. ಟ್ರಯಲ್‌ಗೆ ಬಂದಾಗಲೇ ಅಂಕ ಕಡಿಮೆ ಇದ್ದವರಲ್ಲಿ ಸ್ವಲ್ಪ ಏರಿತು ಅಂತ ಆಮೇಲೆ ಲೆಕ್ಕ ತೆಗೆದು ತೋರಿಸಿದ್ದಾರೆ, ಆದರೆ ಆ ಟ್ರಯಲ್‌ಗಳು ಐದೇ ವಾರದವು, ನೆನಪನ್ನು ನೋಡಲೆಂದೇ ಮಾಡಿದವೂ ಅಲ್ಲ. ನಾನಾದರೆ ಸ್ವಲ್ಪ ಆಸೆ ಇಟ್ಟುಕೊಂಡು ಕಾಯುತ್ತೇನೆ, ಅಷ್ಟೇ.

ಮಾತ್ರೆಯಲ್ಲದ ದಾರಿ ಒಂದಿದೆ, ಅದರ ಬಗ್ಗೆ ಯಾರೂ ಜಾಹೀರಾತು ಹಾಕದಿರುವುದರಿಂದ ನಿಮ್ಮ ಕಿವಿಗೆ ಬಿದ್ದಿರಲಾರದು. ಕಾಗ್ನಿಟಿವ್ ರೆಮಿಡಿಯೇಷನ್ ಅನ್ನುತ್ತಾರೆ, ಗಮನ, ನೆನಪುಗಳಿಗೆ ಕ್ರಮವಾಗಿ ತರಬೇತಿ. 2021ರಲ್ಲಿ 130 ಟ್ರಯಲ್‌ಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಅಂಕದಲ್ಲೂ ದಿನದ ಬದುಕಿನಲ್ಲೂ ಸಣ್ಣದಾದರೂ ನಿಜವಾದ ಲಾಭ ಕಂಡಿತು. ಎದುರಿಗೆ ಒಬ್ಬ ತರಬೇತುದಾರ ಇದ್ದಾಗ, ‘ಇದನ್ನು ಅಂಗಡಿಯಲ್ಲಿ ಹೇಗೆ ಬಳಸುತ್ತೀಯ’ ಅಂತ ತಂತ್ರ ಕಲಿಸಿದಾಗ, ಜೊತೆಗೆ ಕೆಲಸದ ಪುನರ್ವಸತಿ ಇದ್ದಾಗ ಲಾಭ ಜಾಸ್ತಿ. ಸುಮ್ನೆ ಮೊಬೈಲ್‌ನಲ್ಲಿ ಮೆದುಳಿನ ಆಟ ಆಡಿದರೆ ಆಟದಲ್ಲಿ ಜಾಣರಾಗುತ್ತಾರೆ. ನಿಮ್ಹಾನ್ಸ್‌ನಲ್ಲಿ ಹೊಸದಾಗಿ ಕಾಯಿಲೆ ಬಂದವರಿಗೆ ಮನೆಯಲ್ಲೇ ಮಾಡುವ ತರಬೇತಿ ಕೊಟ್ಟು ನೋಡಿದ ಅಧ್ಯಯನ 2012ರಲ್ಲಿ ಬಂದಿದೆ, ಕಾಗದ ಪೆನ್ಸಿಲ್‌ನಂಥ ಸರಳ ವಸ್ತುಗಳಲ್ಲೂ ಇದು ಸಾಧ್ಯ. ಈ ಪುರಾವೆಯಲ್ಲೂ ಕೊರತೆ ಇದೆ, ಮಾತ್ರೆಯಂತೆ ಡಮ್ಮಿ ತರಬೇತಿ ಕೊಟ್ಟು ರೋಗಿಗೆ ಗೊತ್ತಾಗದ ಹಾಗೆ ಇಡುವುದು ಕಷ್ಟ. ಆದರೂ ಇವತ್ತಿಗೆ ಯಾವ ಮಾತ್ರೆಗಿಂತಲೂ ಇದರ ಪರ ಸಾಕ್ಷಿ ಗಟ್ಟಿ. ಬೆವರು ಬರುವಷ್ಟು ವ್ಯಾಯಾಮಕ್ಕೂ ಸಣ್ಣ ಲಾಭ ಕಂಡಿದೆ. ದಿನಾ ಚುರುಕಾಗಿ ನಡೆಯಲು ಯಾರ ಅನುಮತಿಯೂ ಬೇಡ, ಜೊತೆಗೆ ನೀವು ಹೊರಟರೆ ಅವನೂ ಹೊರಡುತ್ತಾನೆ.

ಅಂಗಡಿಗೆ ಒಂದು ಸಲಹೆ: ಮೂರು ಸಾಮಾನು ನೆನಪಿಡು ಅಂತ ಪರೀಕ್ಷೆ ಮಾಡಬೇಡಿ. ಕೈಗೆ ಒಂದು ಚೀಟಿ ಪುಸ್ತಕ ಕೊಡಿ, ಗಿರಾಕಿ ಹೇಳುತ್ತಿದ್ದಂತೆ ಬರೆದುಕೊಳ್ಳಲಿ, ಕೊಟ್ಟದ್ದಕ್ಕೆ ಗೆರೆ ಹಾಕಲಿ. ಗದ್ದಲ ಕಡಿಮೆ ಇರುವ ಹೊತ್ತಿನಲ್ಲಿ ಮಾತ್ರ ಕೂರಿಸಿ.

ಇಷ್ಟಾದ ಮೇಲೂ ಟ್ರಯಲ್‌ಗೆ ಸೇರುವ ಮನಸ್ಸಿದ್ದರೆ ತಪ್ಪೇನಿಲ್ಲ. ಯಾರೂ ಸೇರದಿದ್ದರೆ ಐಕ್ಲೆಪರ್ಟಿನ್ ಕೆಲಸ ಮಾಡಲ್ಲ ಅಂತಲೂ ಗೊತ್ತಾಗುತ್ತಿರಲಿಲ್ಲ, ನಾವೆಲ್ಲ ದುಡ್ಡು ಕೊಟ್ಟು ನುಂಗುತ್ತಿದ್ದೆವು. ಇಲಿಯ ಭಯಕ್ಕೆ ಬಂದರೆ, ಕಾನೂನು ಮೊದಲಿಗಿಂತ ಗಟ್ಟಿಯಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗಳ ಹಿತ ಕಾಯುವ ಎಥಿಕ್ಸ್ ಸಮಿತಿಯ ಒಪ್ಪಿಗೆ ಇರಬೇಕು, ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಹೊಸ ಔಷಧದ ಅಣುವಿನ ಟ್ರಯಲ್‌ಗೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸುವಾಗ ಒಪ್ಪಿಗೆ ಕೇಳುವುದನ್ನು ವಿಡಿಯೋ ಮಾಡಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಸಂಶೋಧನೆಗೆ ರೋಗಿಯದೇ ಮುಕ್ತ ಒಪ್ಪಿಗೆ ಬೇಕು ಅನ್ನುತ್ತದೆ. ರೋಗಿಯದು, ಅಣ್ಣ ಅಕ್ಕನದಲ್ಲ. ಬಿ.ಕಾಂ. ಓದಿದ, ಈಗ ಧ್ವನಿ ಕೇಳಿಸದ ಹುಡುಗ ತಾನೇ ಓದಿ ನಿರ್ಧರಿಸಬಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ತಂದು ಎರಡು ದಿನ ಇಟ್ಟುಕೊಳ್ಳಿ, ಮರೆವು ಇರುವವನಿಗೆ ಒಂದೇ ಕೂತಲ್ಲಿ ಹದಿನೈದು ಪುಟ ವಿವರಿಸಿ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಕಾರಣ ಹೇಳಬೇಕಾಗಿಲ್ಲ, ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

ಕೇಳಬೇಕಾದವು: ಈಗಿನ ಮಾತ್ರೆ ಮುಂದುವರಿಯುತ್ತಾ, ಡಮ್ಮಿ ಸಿಗುವ ಸಾಧ್ಯತೆ ಎಷ್ಟು, ಎಷ್ಟು ಸಲ ರಕ್ತ ತೆಗೆಯುತ್ತಾರೆ, ಓಡಾಟದ ಖರ್ಚು ಕೊಡುತ್ತಾರಾ, ಟ್ರಯಲ್ ಮುಗಿದ ಮೇಲೆ ಮಾತ್ರೆ ಸಿಗುತ್ತಾ, ಕಾಯಿಲೆ ಮರುಕಳಿಸಿದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು. ನೆನಪಿನ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳಿಂದ ಕಾಯಿಲೆ ಸ್ಥಿರವಾಗಿದ್ದು, ಮಾತ್ರೆಯ ಡೋಸ್ ಬದಲಾಗದೆ ಇದ್ದವರನ್ನೇ ತೆಗೆದುಕೊಳ್ಳುತ್ತಾರೆ, ಪ್ಯಾಸಿಟೇನ್‌ನಂಥದಕ್ಕೆ ಮಿತಿ ಇರುತ್ತದೆ. ಆದ್ದರಿಂದ ಅದನ್ನು ಕಡಿಮೆ ಮಾಡುವ ಮಾತು ಮೊದಲು ಮುಗಿಯಲಿ, ಟ್ರಯಲ್ ಆಮೇಲೆ.

ಭಾರತದಲ್ಲಿ ನಡೆಯುವ ಟ್ರಯಲ್‌ಗಳೆಲ್ಲ ಸಿಟಿಆರ್‌ಐ ಅನ್ನುವ ಸರಕಾರಿ ನೋಂದಣಿಯಲ್ಲಿ ಇರಲೇಬೇಕು, 2009ರಿಂದ ಕಡ್ಡಾಯ. ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ನಿಮಗೆ ಹೇಳಿದವರ ಹತ್ತಿರ ನೋಂದಣಿ ಸಂಖ್ಯೆ ಕೇಳಿ, ಅಲ್ಲಿ ಹಾಕಿ ನೋಡಿ, ಯಾವ ಆಸ್ಪತ್ರೆ, ಯಾರು ಮುಖ್ಯ ಸಂಶೋಧಕ, ಎಷ್ಟು ವಾರ ಎಲ್ಲ ಬರುತ್ತೆ. ಸಂಖ್ಯೆ ಕೊಡದಿದ್ದರೆ, ಅಥವಾ ಹೊಸ ಮಾತ್ರೆಗೆ ಅಂತ ನಿಮ್ಮ ಹತ್ತಿರವೇ ದುಡ್ಡು ಕೇಳಿದರೆ, ಅದು ಟ್ರಯಲ್ ಅಲ್ಲ, ಎದ್ದು ಬನ್ನಿ.